ಒಲ್ಲದ ಕಬ್ಬಿಣ

ಅಂತರಸನಹಳ್ಳಿಯ ಶೆಡ್ಡಿನಲ್ಲಿ ಗಂಗಹನುಮಯ್ಯ
ಮೊದಲು ಕೇಳಿದ್ದೇ, "ಇದರೊಳಗೆ ಅಯಸ್ಕಾಂತ ಎಲ್ಲೈತೆ?"
ಇಲ್ಲ ಅಂದೆ.
"ತಂತಿ?"
ತಿರುಗುವ ಚಕ್ರದಲ್ಲಿ ಅದೂ ಇಲ್ಲ.
ಬರೀ ಆರು ಹಲ್ಲಿನ ಉಕ್ಕು, ಸಿಲಿಕಾನ್ ಬೆರೆತ ತಗಡು,
ಲಗ್ನಪತ್ರಿಕೆಯಷ್ಟು ದಪ್ಪದ ಇನ್ನೂರ ನಲವತ್ತು ಹಾಳೆ
ಪೇರಿಸಿ, ಒತ್ತಿ, ರಿವೆಟ್ ಹೊಡೆದದ್ದು.
ಕುಂಬಳಕಾಯಿ ಕೊಳ್ಳುವವನ ಹಾಗೆ
ಎತ್ತಿದ, ತಟ್ಟಿದ, ಕೆಳಗಿಟ್ಟ.

ದೂರದೇಶದ ಮಣ್ಣಿನ ಅಯಸ್ಕಾಂತಕ್ಕೆ ನನ್ನಲ್ಲಿ ದುಡ್ಡಿರಲಿಲ್ಲ.
ಇದ್ದದ್ದು ರಿಲಕ್ಟೆನ್ಸ್ ಎಂಬ ಒಂದು ಪದ.
ಯಾರೋ ಅದನ್ನು ಕಾಂತೀಯ ಪ್ರತಿರೋಧ ಎಂದು ಬರೆದಿದ್ದರು.
ಸುರುಳಿ ಸುತ್ತುವ ಜಮೀಲಾಬೀ ಕೈ ನಿಲ್ಲಿಸದೆ ಕೇಳಿಸಿಕೊಂಡು
"ಒಲ್ಲೆ ಅನ್ನೋದು, ಅಷ್ಟೇ ತಾನೆ?" ಅಂದಳು.

ಅಷ್ಟೇ.
ಗಾಳಿಯಲ್ಲಿ ಹರಿಯಲೊಲ್ಲದ ಕಾಂತದ ಗೆರೆಗಳು
ಕಬ್ಬಿಣ ಕಂಡಲ್ಲಿ ನುಗ್ಗುತ್ತವೆ.
ಕಂಪ್ಯೂಟರಿನ ಪರದೆಯಲ್ಲಿ ಹಲ್ಲಿನ ಮೂಲೆ
ಸಂಜೆ ಆರರ ಮಧುಗಿರಿ ಬಸ್ಸಿನ ಬಾಗಿಲು:
ಕೆಂಪಗೆ ಕಿಕ್ಕಿರಿದು, ಇನ್ನೊಂದು ಗೆರೆಗೆ ಜಾಗವಿಲ್ಲ.
ಮೂಲೆಯನ್ನು ಕೂದಲೆಳೆಯಷ್ಟು ದುಂಡಗೆ ಮಾಡಿದೆ.
ಮತ್ತೆ ಲೆಕ್ಕ, ಮತ್ತೆ ರಾತ್ರಿ ಎರಡು ಗಂಟೆ.
ಹಲ್ಲು ಅಗಲವಾದರೆ ತಂತಿಗೆ ತಾವು ಸಾಲದು,
ತಂತಿ ಹೆಚ್ಚಿದರೆ ಹಲ್ಲು ಬಡಕಲು.

ಚಿಪ್ಪಿಗೂ ಚಕ್ರಕ್ಕೂ ನಡುವೆ ಬಿಟ್ಟದ್ದು
ಅರ್ಧ ಮಿಲಿಮೀಟರು ಗಾಳಿ.
ಗುಡ್ಡದ ಮೇಲಿನ ಗಾಳಿ ಎಲ್ಲರಿಗೂ ಗೊತ್ತು,
ಲುಂಗಿ ಹಾರಿಸುತ್ತದೆ, ಸೀಮೆಜಾಲಿ ಅಲ್ಲಾಡಿಸುತ್ತದೆ.
ಈ ಗಾಳಿಯ ಪರಿಚಯ ಯಾರಿಗೂ ಇಲ್ಲ.
ಬೇರಿಂಗು ಚೂರು ಸವೆದರೆ
ಇದೂ ಇಲ್ಲ.

ಮಧುಗಿರಿ ದಾಟಿ, ಮರವಿಲ್ಲದ ಗುಡ್ಡದಲ್ಲಿ ಕಂಬ ನಿಲ್ಲಿಸಿದೆವು.
ಗಾಳಿ ಬಂತು. ರೆಕ್ಕೆ ತಿರುಗಿತು. ಮೀಟರು ಸೊನ್ನೆ.
ಗಂಗಹನುಮಯ್ಯ ನನ್ನ ಮುಖ ನೋಡದೆ ಬೀಡಿ ಹಚ್ಚಿದ.
ಬ್ಯಾಟರಿ ಶೆಡ್ಡಿನಲ್ಲೇ ಉಳಿದಿತ್ತು, ಚಾರ್ಜಿಗಿಟ್ಟದ್ದು.
ಅಯಸ್ಕಾಂತವಿಲ್ಲದ ಯಂತ್ರಕ್ಕೆ ಮೊದಲು ನಾವೇ
ಒಂದಿಷ್ಟು ಕರೆಂಟು ಕೊಡಬೇಕು, ಆಮೇಲೆ ಅದು,
ಎಂದು ಶುರುಮಾಡಿದೆ.
"ಹೆಪ್ಪು ಅನ್ನಿ," ಅಂದ. "ಅದಕ್ಯಾಕೆ ಇಷ್ಟುದ್ದ?"
ತನ್ನ ಮೊಪೆಡ್ಡಿನ ಬ್ಯಾಟರಿ ಬಿಚ್ಚಿ ತಂದ.

ಅಷ್ಟರಲ್ಲಿ ಗಾಳಿ ನಿಂತುಹೋಗಿತ್ತು.
ರೆಕ್ಕೆ ನಿಲ್ಲಲಿಲ್ಲ.
ಒಂದು ಎಲೆಯೂ ಅಲುಗದ ಮಧ್ಯಾಹ್ನ,
ಅದೊಂದೇ ಗರಗರ, ಇನ್ನೂ ಜೋರಾಗಿ.
"ಏನ್ ಮೇಡಂ, ಇದು ಗಾಳೀಗೇ ಗಾಳಿ ಹಾಕ್ತೈತೆ!"
ಜಮೀಲಾಬೀ ನಕ್ಕು ನಕ್ಕು ಬಂಡೆಯ ಮೇಲೆ ಕೂತುಬಿಟ್ಟಳು.

ತಪ್ಪು ನನ್ನದು. ಹಲ್ಲು ಬರುವಾಗ ಸುರುಳಿಗೆ ಕೊಟ್ಟಿದ್ದೆ.
ಬರುವಾಗ ಕರೆದರೆ ಓಡೋಡಿ ಬರುತ್ತದೆ, ಅದು ಮೋಟರು.
ಬಂದು ಎದುರಿಗೆದುರು ನಿಂತಾಗ ಹಿಡಿಯಬೇಕು,
ಆಗ ಗಾಳಿ ಎಳೆಯಬೇಕು,
ಬಿಡಲೊಲ್ಲೆ, ಬಿಡಲೊಲ್ಲೆ ಎಂದು ಉಕ್ಕು ಜಗ್ಗಬೇಕು.
ಆ ಜಗ್ಗಾಟವೇ ತಂತಿಗೆ ವಾಪಸು ಬರುತ್ತದೆ
ಕೊಟ್ಟದ್ದರ ಜೊತೆ ಮೇಲಿಷ್ಟು ಸೇರಿ.
ಅದೇ ಹಲ್ಲು, ಅದೇ ಸುರುಳಿ,
ನಡುವೆ ಇಪ್ಪತ್ತು ಡಿಗ್ರಿ.

ಸೆನ್ಸರಿನ ತಟ್ಟೆ ತಿರುಗಿಸಿ ಸ್ಕ್ರೂ ಬಿಗಿದೆ.
ಬಿಗಿದದ್ದು ಗಾಳಿಗೆ ಗೊತ್ತಾಗಬೇಕಲ್ಲ.
ಕಡಲೆಕಾಯಿ ಮುಗಿಯಿತು, ನೀರು ಮುಗಿಯಿತು,
ಐದೂಕಾಲಿಗೆ ಪಾವಗಡದ ಕಡೆಯಿಂದ ಬಂತು.

ಮೀಟರಿನ ಮುಳ್ಳು ಎದ್ದಿತು, ಇನ್ನೂರು ವ್ಯಾಟು ದಾಟಿತು.
ಜೊತೆಗೇ ಚಿಪ್ಪು ನಡುಗುವ ಸದ್ದು.
"ಇನ್ನೂರಕ್ಕೆ ಇಷ್ಟು ಗೊರಕೆನಾ?"
ಹೌದು, ಅದೊಂದು ಬಾಕಿ ಇದೆ. ಚಿಪ್ಪು ದಪ್ಪ ಮಾಡಬೇಕು,
ಮಾಡಿದರೆ ತೂಕ. ಮತ್ತೆ ಲೆಕ್ಕ.

ಕತ್ತಲಾಗುವಾಗ ಅವನು ಬ್ಯಾಟರಿಯನ್ನು ಮೊಪೆಡ್ಡಿಗೆ ಕೂರಿಸಿ
ಹಾರ್ನು ಒತ್ತಿ ನೋಡಿದ.
ಬೆಳಿಗ್ಗೆ ಕೆಮ್ಮುತ್ತಿದ್ದದ್ದು ಈಗ ಗುಡ್ಡಕ್ಕೆ ಕೇಳಿಸಿತು.
ದಾರಿಯಲ್ಲಿ ಯಾರೂ ಇರಲಿಲ್ಲ,
ಆದರೂ ಇನ್ನೊಂದು ಸಲ ಒತ್ತಿದ.